ಗಿರಣಿ ಕಲ್ಲು ಅರೆಕೆರೆಗೆ ಹೋದದ್ದು

ಫೋನಿನಲ್ಲಿ ‘ಸರಿ’ ಎಂದು ಒತ್ತಿದರೆ ಪಕ್ಕದಲ್ಲಿ ಒಂದು ಹೆಬ್ಬೆಟ್ಟು ಮೂಡುತ್ತದೆ. ಅದನ್ನು ಮುಟ್ಟಿದರೆ ಸಾಕಂತೆ, ಅಕ್ಷರ ಬೇಕಿಲ್ಲವಂತೆ. ಮೂರು ತಿಂಗಳು ಕಷ್ಟಪಟ್ಟು ಫೋನಿನಲ್ಲಿ ಒತ್ತಲು ಕಲಿತ ಅಕ್ಷರ, ನಾನು ಒತ್ತಿಯೇ ತೀರುತ್ತೇನೆ. ಆದರೆ ಆ ಹೆಬ್ಬೆಟ್ಟು ಕಂಡಾಗಲೆಲ್ಲ ನನಗೊಂದು ಕಲ್ಲು ನೆನಪಾಗುತ್ತದೆ. ‘ಸರಿ’ ಎಂಬ ಎರಡಕ್ಷರವನ್ನು ನಾನು ತಪ್ಪಾಗಿ ಕೇಳಿಸಿಕೊಂಡಿದ್ದರಿಂದ ಅರೆಕೆರೆಯ ಇಳಿಜಾರಿನಲ್ಲಿ ಓಡಿಹೋದ ಕಲ್ಲು. ಈ ಕಥೆಯನ್ನು ಮನೆಯಲ್ಲಿ ಇಷ್ಟು ವರ್ಷ ನನಗೆ ಅನುಕೂಲವಾದ ಹಾಗೆ ಹೇಳಿಕೊಂಡು ಬಂದಿದ್ದೇನೆ. ಇಲ್ಲಿ ನಡೆದ ಹಾಗೆ ಬರೆಯುತ್ತೇನೆ.

ಮೊದಲು ಗಾಡಿಯ ವಿಷಯ. ನಮ್ಮವರು ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ತಗಡು ಬಡಿಯುವ ದೊಡ್ಡ ಪ್ರೆಸ್ಸಿನ ಪಕ್ಕದಲ್ಲಿ ನಿಂತು ಕೆಲಸ ಮಾಡಿದರು. ಎಡಗಿವಿ ಪ್ರೆಸ್ಸಿನ ಕಡೆಗಿತ್ತು, ಅದು ಅಲ್ಲೇ ಉಳಿಯಿತು. ಬಲಗಿವಿ ಅವರ ಜೊತೆ ಮನೆಗೆ ಬಂತು. ತೊಂಬತ್ತರ ದಶಕದ ಕೊನೆಯಲ್ಲಿ ಕಾರ್ಖಾನೆಯವರು, ಬೇಕಾದವರು ಬೇಗ ನಿವೃತ್ತಿ ತೆಗೆದುಕೊಳ್ಳಬಹುದು ಎಂದರು. ಅವರ ಜೊತೆಯವರೆಲ್ಲ ಬಂದ ಹಣದಲ್ಲಿ ಮನೆ ಮೇಲೊಂದು ಮಹಡಿ ಕಟ್ಟಿ ಬಾಡಿಗೆಗೆ ಕೊಟ್ಟರು. ನಮ್ಮವರು ಒಂದು ಹಳೆಯ ಪಿಕಪ್ ಗಾಡಿ ತಂದು ಜಯನಗರದ ನಮ್ಮ ಮನೆ ಮುಂದೆ, ನನ್ನ ರಂಗೋಲಿಯ ಮೇಲೆ ನಿಲ್ಲಿಸಿದರು. ಮುಂದೆ ಇಬ್ಬರು ಕೂರುವ ಜಾಗ, ಹಿಂದೆ ತೆರೆದ ತೊಟ್ಟಿ. ಇದು ಯಾಕೆ ಎಂದು ಕೇಳಿದೆ. ಇಷ್ಟು ವರ್ಷ ಬೇರೆಯವರು ಹೇಳಿದ್ದನ್ನು ಎತ್ತಿದೆ, ಇನ್ನು ನನಗೆ ಬೇಕಾದ್ದನ್ನು ಎತ್ತುತ್ತೇನೆ ಎಂದರು. ರಂಗೋಲಿಯ ವಿಷಯ ಹೇಳಿದೆ. ಎಡಗಡೆ ನಿಂತು ಹೇಳಿಬಿಟ್ಟೆ, ಕೇಳಿಸಲಿಲ್ಲ.

ಅಂಜನಾಪುರದಲ್ಲಿ ನಮ್ಮದೊಂದು ಸೈಟು ಇತ್ತು. ನಕ್ಷೆಯಲ್ಲಿ ಅದರ ಮುಂದೆ ಅಗಲವಾದ ರಸ್ತೆ ಇತ್ತು. ನೆಲದ ಮೇಲೆ ಬಂಡೆ, ಗುಂಡಿ, ಲಂಟಾನ ಪೊದೆ ಇದ್ದವು. ಮೊದಲ ಸಲ ಅಲ್ಲಿಗೆ ಹೋದಾಗ ಗಾಡಿಯ ಹೊಟ್ಟೆ ಕಲ್ಲಿಗೆ ತಾಗಿ ಸೈಲೆನ್ಸರ್ ಕಳಚಿ ಬಿತ್ತು. ಅದನ್ನು ಎತ್ತಿ ಹಿಂದೆ ಹಾಕಿಕೊಂಡು, ಕನಕಪುರ ರಸ್ತೆಯ ಅಷ್ಟೂ ಜನ ತಿರುಗಿ ನೋಡುವ ಹಾಗೆ ಸದ್ದು ಮಾಡುತ್ತ ಮನೆಗೆ ಬಂದೆವು. ಆ ಸದ್ದು ಅಷ್ಟೇನೂ ಇರಲಿಲ್ಲ ಎಂದು ನಮ್ಮವರು ಈಗಲೂ ಹೇಳುತ್ತಾರೆ.

ಮಾರನೆಯ ದಿನ ಗಾಡಿಯನ್ನು ಸಿದ್ದಾಪುರದ ಗ್ಯಾರೇಜಿಗೆ ಕೊಟ್ಟರು. ಅಲ್ಲಿಯ ಮೆಕ್ಯಾನಿಕ್ ಭಾಯಿ ಗಾಡಿಯ ಕೆಳಗೆ ಮಲಗಿ, ಎದ್ದು, ಕೈ ಒರೆಸಿಕೊಂಡು ತೀರ್ಪು ಕೊಟ್ಟರು. ಚಕ್ರದ ಮೇಲಿರುವ ಸ್ಪ್ರಿಂಗ್ ಪಟ್ಟಿಗಳ ಜೊತೆಗೆ ಇನ್ನಷ್ಟು ಪಟ್ಟಿ ಸೇರಿಸಬೇಕು, ದೊಡ್ಡ ಟೈರ್ ಹಾಕಬೇಕು, ಆಗ ಗಾಡಿ ನೆಲ ಬಿಟ್ಟು ಮೇಲೆ ನಿಲ್ಲುತ್ತದೆ.

“ಸಖತ್ ಎತ್ತರ ಬರುತ್ತೆ ಸಾರ್. ಬಂಡೆ ಮೇಲೂ ಹೋಗುತ್ತೆ. ಆದ್ರೆ ಆಂಟಿ ಹತ್ತೋದ್ ಹೇಗೆ ಅಂತ ಆಮೇಲೆ ನನ್ನ ಕೇಳ್ಬೇಡಿ,” ಎಂದರು.

ಕೇಳಬೇಕಾಯಿತು. ಒಂದು ವಾರದ ಮೇಲೆ ಬಂದ ಗಾಡಿಯ ಬಾಗಿಲು ನನ್ನ ಎದೆಯ ಎತ್ತರಕ್ಕೆ ಇತ್ತು. ಸೀರೆ ಉಟ್ಟು ಅದನ್ನು ಹತ್ತುವ ವಿಧಾನವನ್ನು ಭಾಯಿಯೂ ಕಂಡುಹಿಡಿದಿರಲಿಲ್ಲ. ನಾನೇ ಕಂಡುಹಿಡಿದೆ. ಬಚ್ಚಲಮನೆಯ ಕೆಂಪು ಪ್ಲಾಸ್ಟಿಕ್ ಸ್ಟೂಲಿಗೆ ಒಂದು ಹಗ್ಗ ಕಟ್ಟಿದೆ. ಸ್ಟೂಲಿನ ಮೇಲೆ ಕಾಲಿಟ್ಟು ಗಾಡಿ ಹತ್ತುವುದು, ಕೂತ ಮೇಲೆ ಬಾವಿಯಿಂದ ಕೊಡ ಸೇದುವ ಹಾಗೆ ಸ್ಟೂಲನ್ನು ಮೇಲಕ್ಕೆ ಎಳೆದುಕೊಳ್ಳುವುದು. ಇಳಿಯುವಾಗ ಹಗ್ಗ ಬಿಟ್ಟು ಸ್ಟೂಲನ್ನು ಕೆಳಗಿಳಿಸುವುದು. ಎದುರು ಮನೆಯಾಕೆ, ದಸರಾ ಹತ್ತಿರ ಬಂತಲ್ಲ, ಅಂಬಾರಿ ಎಲ್ಲಿ ಎಂದು ಕೇಳಿದರು. ಹಿಂದೆ ತೊಟ್ಟಿಯಲ್ಲಿ ಜಾಗ ಇದೆ, ಹತ್ತಿ ಎಂದೆ.

ನಾನು ಯಾಕೆ ಹತ್ತಬೇಕಿತ್ತು ಎಂದರೆ, ನಾನು ಅವರ ಎಡಗಿವಿ. ನಮ್ಮ ಕಡೆ ಡ್ರೈವರ್ ಬಲಕ್ಕೆ ಕೂರುವುದರಿಂದ ರಸ್ತೆ ಬದಿಯ ಮಾತೆಲ್ಲ ಎಡಗಡೆಯಿಂದ ಬರುತ್ತದೆ. ಹಿಂದೆ ಲೋಡು ಇದ್ದಾಗ, ಬೇರೆ ಗಾಡಿ ಕಟ್ಟಿ ಎಳೆಯುವಾಗ, ಹಿಂದಿನವರು ಕೂಗಿದ್ದು ಅವರಿಗೆ ಕೇಳಿಸುತ್ತಿರಲಿಲ್ಲ. ನಾನು ಎಡಗಡೆ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೇಳಿಸಿಕೊಂಡು ಅವರಿಗೆ ತಿಳಿಸಬೇಕು. ಆದರೆ ನಾನು ಕೂತದ್ದೇ ಅವರ ಕೆಟ್ಟ ಕಿವಿಯ ಪಕ್ಕದಲ್ಲಿ. ಅದಕ್ಕೆ ಸಿಟಿ ಬಸ್ಸಿನ ಕಂಡಕ್ಟರ್ ಸೀಟಿಯ ಲೆಕ್ಕ ಇಟ್ಟುಕೊಂಡೆವು. ಭುಜಕ್ಕೆ ಒಂದು ಏಟು ಹೊಡೆದರೆ ನಿಲ್ಲಿಸಿ, ಎರಡು ಏಟು ಹೊಡೆದರೆ ಹೊರಡಿ. ಮದುವೆಯಾಗಿ ಅಷ್ಟು ವರ್ಷಕ್ಕೆ ಗಂಡನನ್ನು ಹಾದಿಬೀದಿಯಲ್ಲಿ ಹೊಡೆಯುವ ಅಧಿಕಾರ ನನಗೆ ಹೀಗೆ ಬಂತು. ನಾನು ಅದನ್ನು ದುರುಪಯೋಗ ಮಾಡಿಕೊಳ್ಳಲಿಲ್ಲ ಎಂದು ಹೇಳಲಾರೆ.

ಕೆಲಸ ಬಂತು. ಮನೆ ಬದಲಿಸುವವರ ಬೀರು, ಮಂಚ, ರುಬ್ಬುವ ಕಲ್ಲು ಸಾಗಿಸಿದೆವು. ಜೆ.ಪಿ. ನಗರದಲ್ಲಿ ಮಳೆ ಬಂದಾಗ ಮೋರಿಗೆ ಇಳಿದ ಕಾರುಗಳನ್ನು ಹಗ್ಗ ಕಟ್ಟಿ ಎಳೆದೆವು. ಗಾಡಿಯ ಹಿಂದೆ ಕೊಕ್ಕೆ ಇದ್ದದ್ದರಿಂದ, ಜಯನಗರದ ಮಾರುಕಟ್ಟೆ ಬೀದಿಗೆ ನಾವು ಹೋದರೆ, ಇದು ಸ್ಕೂಟರ್ ಎತ್ತಿಕೊಂಡು ಹೋಗುವ ಟ್ರಾಫಿಕ್ ಪೊಲೀಸರ ಗಾಡಿ ಎಂದುಕೊಂಡು ಜನ ಅಂಗಡಿಗಳಿಂದ ಓಡಿ ಬಂದು ತಮ್ಮ ತಮ್ಮ ಸ್ಕೂಟರ್ ತೆಗೆಯುತ್ತಿದ್ದರು. ನಮಗೆ ನಿಲ್ಲಿಸಲು ಒಳ್ಳೆಯ ಜಾಗ ಸಿಗುತ್ತಿತ್ತು.

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷವಾಗಿತ್ತು. ಬಿ.ಟಿ.ಎಂ. ಲೇಔಟಿನಿಂದ ಒಬ್ಬಾಕೆ ನಮ್ಮನ್ನು ಹುಡುಕಿಕೊಂಡು ಬಂದಳು. ಗದಗದ ಕಡೆಯವಳು, ಮೂವತ್ತೈದರ ಆಸುಪಾಸು. ಗಂಡ ಯಾವುದೋ ಆಫೀಸಿನಲ್ಲಿ ಕಾವಲು ಕೆಲಸ. ಈಕೆ ಬಾಡಿಗೆ ಮನೆಯ ಕೆಳಗಿನ ಕಾರ್ ಶೆಡ್ಡಿನಲ್ಲಿ ಹಿಟ್ಟಿನ ಗಿರಣಿ ಇಟ್ಟುಕೊಂಡಿದ್ದಳು. ಮೇಲಿನ ಮನೆಯ ಓನರ್, ಗಿರಣಿ ಓಡಿದಾಗ ತಮ್ಮ ಅಡುಗೆಮನೆಯ ಲೋಟಗಳು ತಾವಾಗಿಯೇ ನಡೆದು ಶೆಲ್ಫಿನಿಂದ ಬೀಳುತ್ತವೆ ಎಂದು ದೂರಿ, ಜಾಗ ಖಾಲಿ ಮಾಡಲು ಹೇಳಿದ್ದರು. ಅರೆಕೆರೆಯಲ್ಲಿ ಒಂದು ಅಂಗಡಿ ಸಿಕ್ಕಿತ್ತು, ಕರೆಂಟೂ ಬಂದಿತ್ತು. ಭಾನುವಾರ ಗಿರಣಿ ಸಾಗಿಸಿ ಅಂದೇ ಕೂರಿಸಬೇಕು, ಸೋಮವಾರ ಬೆಳಗ್ಗೆ ಹಿಟ್ಟು ಕೊಡಬೇಕು.

ಇಷ್ಟು ಅವಸರ ಯಾಕೆ ಎಂದು ಕೇಳಿದೆ. ಆಕೆ ಹೇಳಿದಳು. ಬಿ.ಟಿ.ಎಂ.ನಲ್ಲಿ ಅವರ ಕಡೆಯ ಊಟದ ಖಾನಾವಳಿ ಮೂರಿವೆ. ಮೂರಕ್ಕೂ ಜೋಳದ ಹಿಟ್ಟು ಇವಳದೇ. ನಮ್ಮ ಬೆಂಗಳೂರಿನ ಗಿರಣಿಗಳಲ್ಲಿ ಒಂದೇ ಕಲ್ಲಿನಲ್ಲಿ ರಾಗಿ, ಗೋಧಿ, ಕಡಲೆ ಎಲ್ಲ ಬೀಸುತ್ತಾರೆ, ಜೋಳ ಹಾಕಿದರೆ ಹಿಟ್ಟು ತರಿತರಿಯಾಗಿ ಬರುತ್ತದೆ, ರೊಟ್ಟಿ ಬಡಿಯುವಾಗಲೇ ಅಂಚು ಸೀಳುತ್ತದೆ. ಇವಳ ಕಲ್ಲು ಜೋಳಕ್ಕೇ ಎಂದು ಊರಿನಲ್ಲಿ ಉಳಿಯಿಂದ ಮೈ ಕುಟ್ಟಿಸಿ ತಂದದ್ದು. ಒಂದು ದಿನ ಹಿಟ್ಟು ತಪ್ಪಿದರೆ ಖಾನಾವಳಿಯವರು ಪ್ಯಾಕೆಟ್ ಹಿಟ್ಟಿಗೆ ಹೋಗುತ್ತಾರೆ, ಹೋದವರು ತಿರುಗಿ ಬರುವುದಿಲ್ಲ.

“ಈ ಎರಡು ಕಲ್ಲ ನನ್ನ ನೌಕರಿ ನೋಡ್ರಿ ಅಮ್ಮಾರ,” ಎಂದಳು. “ಒಂದು ಸೀಳಿತಂದ್ರ ಊರಿಗೆ ಗಂಟು ಕಟ್ಟೂದ.”

ನಮ್ಮವರು ಬಲಗಿವಿ ಕೊಟ್ಟು ಕೇಳಿಸಿಕೊಂಡು, ನಮ್ಮ ಗಾಡಿಯಲ್ಲಿ ಸಾಗಿಸಿದ್ದು ಇದುವರೆಗೆ ಒಂದೂ ಒಡೆದಿಲ್ಲ ಎಂದರು. ಒಂದು ಡ್ರೆಸ್ಸಿಂಗ್ ಟೇಬಲ್ಲಿನ ವಿಷಯ ನನಗೆ ನೆನಪಿತ್ತು. ಸುಮ್ಮನಿದ್ದೆ.

ಭಾನುವಾರ ಬೆಳಗ್ಗೆ ಹೋದೆವು. ಹಿಂದಿನ ದಿನವೆಲ್ಲ ಮಳೆ ಸುರಿದು ನಿಂತಿತ್ತು. ಗಿರಣಿಯ ಕಬ್ಬಿಣದ ಮೈ, ಮೋಟಾರು, ಬೆಲ್ಟು ಬೇರೆ ಬೇರೆ ಬಿಚ್ಚಿಟ್ಟಿದ್ದಳು. ಕಲ್ಲುಗಳು ಎರಡು, ಒಂದೊಂದೂ ಕಾರಿನ ಚಕ್ರದಷ್ಟು, ನಡುವೆ ತೂತು. ಎತ್ತಲು ಬಂದ ಇಬ್ಬರು ಹಮಾಲಿಗಳು ನಮ್ಮ ಗಾಡಿಯ ತೊಟ್ಟಿಯ ಎತ್ತರವನ್ನು ನೋಡಿ, ತಮ್ಮ ಸೊಂಟವನ್ನು ನೋಡಿಕೊಂಡರು.

“ಏನ್ ಸಾರ್ ಇದು, ಗಾಡಿನಾ, ಮೊದಲ್ನೇ ಮಹಡಿನಾ?” ಎಂದ ಒಬ್ಬ.

ಹಲಗೆ ಇಳಿಜಾರಾಗಿ ಇಟ್ಟು, ಕಬ್ಬಿಣದ ಮೈಗೆ ಹಗ್ಗ ಬಿಗಿದು ನೂಕುವಷ್ಟರಲ್ಲಿ ಅವರಿಗೆ ಸಾಕಾಯಿತು. ಮೋಟಾರು ಏರಿಸಿದರು. ಕಲ್ಲಿನ ಸರದಿ ಬಂದಾಗ, ಇದನ್ನು ಅಷ್ಟು ಮೇಲಕ್ಕೆ ಎತ್ತುವುದು ನಮ್ಮಿಂದ ಆಗುವುದಿಲ್ಲ, ಕೈ ಜಾರಿದರೆ ಕಲ್ಲೂ ಹೋಗುತ್ತದೆ ಕಾಲೂ ಹೋಗುತ್ತದೆ ಎಂದುಬಿಟ್ಟರು. ನಮ್ಮವರು ಸ್ವಲ್ಪ ಪೆಚ್ಚಾದರು. ಭಾರ ಹೊರಲೆಂದು ಎತ್ತರ ಮಾಡಿಸಿದ ಗಾಡಿ, ಎತ್ತರದಿಂದಲೇ ಭಾರ ಹೊರಲಾರದೆ ನಿಂತಿತ್ತು. ಕೊನೆಗೆ ಗಿರಣಿಯಾಕೆ ರಸ್ತೆ ಮೂಲೆಯಿಂದ ಮೂರು ಚಕ್ರದ ಲಗೇಜ್ ಆಟೋ ಕರೆತಂದಳು. ಅದು ನೆಲಕ್ಕೆ ಹತ್ತಿರ. ಒಂದು ಕಲ್ಲನ್ನು ಮಲಗಿಸಿದರು, ಇನ್ನೊಂದಕ್ಕೆ ಮಲಗಲು ಜಾಗವಿಲ್ಲದೆ ಅದನ್ನು ನಿಲ್ಲಿಸಿ, ಎರಡೂ ಕಡೆ ಗೋಣಿಚೀಲ ತುರುಕಿದರು. ಆಟೋದ ಪಕ್ಕದ ಹಲಗೆಯ ಚಿಲಕ ಮುರಿದಿತ್ತು, ತಂತಿ ಕಟ್ಟಿದ್ದರು. ಅದನ್ನು ನಾನು ನೋಡಿದೆ. ತಂತಿ ದಪ್ಪಗಿದೆ ಎಂದುಕೊಂಡೆ. ಗಿರಣಿಯಾಕೆ ಡ್ರೈವರ್ ಪಕ್ಕದಲ್ಲಿ ಕೂರಲು ಒಪ್ಪದೆ ಹಿಂದೆ ಹತ್ತಿ, ನಿಂತ ಕಲ್ಲಿನ ಮೇಲೆ ಕೈಯಿಟ್ಟುಕೊಂಡು ಕೂತಳು.

ಮುಂದೆ ನಾವು, ಹಿಂದೆ ಆಟೋ. ಬನ್ನೇರುಘಟ್ಟ ರಸ್ತೆ ಬಿಟ್ಟು ಅರೆಕೆರೆಯ ಒಳಗೆ ತಿರುಗುವವರೆಗೆ ಬರೆಯುವಂಥದ್ದು ಏನೂ ಆಗಲಿಲ್ಲ. ಅಂಗಡಿ ಇದ್ದ ರಸ್ತೆ ಇಳಿಜಾರು. ಮೇಲ್ತುದಿಯಲ್ಲಿ ಪೈಪು ಹಾಕಲು ಅಡ್ಡಡ್ಡ ಅಗೆದು ಮಣ್ಣು ಮುಚ್ಚಿದ್ದರು. ಮಳೆಗೆ ಆ ಮಣ್ಣು ಹುಗ್ಗಿಯಾಗಿತ್ತು. ನಮ್ಮ ಗಾಡಿ ಅದನ್ನು ಗಮನಿಸದೆ ದಾಟಿತು. ಆಟೋದ ಹಿಂದಿನ ಎರಡು ಚಕ್ರವೂ ಅದರಲ್ಲಿ ಇಳಿದು, ಆಟೋ ತಪಸ್ಸಿಗೆ ಕೂತ ಹಾಗೆ ಮೂಗೆತ್ತಿ ಕೂತಿತು.

ನಮ್ಮವರ ಮುಖ ನಾನು ನೋಡಿದೆ. ಬೆಳಗಿನಿಂದ ಪೆಚ್ಚಾಗಿದ್ದ ಮುಖ ಬೆಳಗಿತು. ಎಳೆಯುವುದು ಅವರಿಗೆ ತುಂಬ ಇಷ್ಟ. ದಪ್ಪ ನಾರಿನ ಹಗ್ಗ ತೆಗೆದು ಒಂದು ತುದಿ ನಮ್ಮ ಕೊಕ್ಕೆಗೆ, ಇನ್ನೊಂದು ತುದಿ ಆಟೋದ ಮುಂಭಾಗಕ್ಕೆ ಕಟ್ಟಿ, ಆಟೋ ಡ್ರೈವರಿಗೆ ಹ್ಯಾಂಡಲ್ ನೇರ ಹಿಡಿ ಎಂದಷ್ಟೇ ಹೇಳಿದರು. ನಾವು ಇಳಿಜಾರಿನ ಕೆಳಗಡೆ, ಆಟೋ ಮೇಲ್ಗಡೆ, ನಡುವೆ ಹತ್ತು ಹೆಜ್ಜೆ ಹಗ್ಗ. ಗಿರಣಿಯಾಕೆಗೆ ಇಳಿದುಬಿಡು ಎಂದೆ. ಕಲ್ಲು ಬಿಟ್ಟು ಇಳಿಯುವುದಿಲ್ಲ ಎಂದಳು. ನಾನು ಸ್ಟೂಲು ಎಳೆದುಕೊಂಡು, ಕಿಟಕಿಯಿಂದ ತಲೆ ಹೊರಗೆ ಹಾಕಿ, ಭುಜಕ್ಕೆ ಎರಡು ಏಟು ಕೊಟ್ಟೆ.

ಮೊದಲ ಎಳೆತಕ್ಕೆ ಹಗ್ಗ ಬಿಗಿಯಿತು, ಅಷ್ಟೆ. ಮತ್ತೆರಡು ಏಟು. ಎರಡನೆಯ ಎಳೆತಕ್ಕೆ ಗುಂಡಿಯಿಂದ ಪಚಕ್ ಎಂಬ ಸದ್ದು ಬಂದು, ದವಡೆ ಹಲ್ಲು ಕಿತ್ತು ಬಂದ ಹಾಗೆ ಆಟೋ ಈಚೆ ಬಂತು. ಹಗ್ಗ ಸಡಿಲವಾದದ್ದು ಗೊತ್ತಾಗಿ ನಮ್ಮವರು ವೇಗ ಕಡಿಮೆ ಮಾಡಿ ನನ್ನ ಏಟಿಗೆ ಕಾದರು. ನಾನು ಹಿಂದಕ್ಕೆ ನೋಡುತ್ತಿದ್ದೆ. ಆಟೋ ಇಳಿಜಾರಿನಲ್ಲಿ ನಮ್ಮ ಕಡೆಗೆ ಬರುತ್ತಿತ್ತು. ಚೆನ್ನಾಗಿಯೇ ಬರುತ್ತಿತ್ತು. ಅದರ ಬ್ರೇಕಿನ ಒಳಗೆಲ್ಲ ಕೆಸರು ಹೋಗಿ ಅದು ಹಿಡಿಯುತ್ತಿಲ್ಲ ಎನ್ನುವುದು ನನಗೆ ಗೊತ್ತಿರಲಿಲ್ಲ. ಗಿರಣಿಯಾಕೆ ಹಿಂದಿನಿಂದ ಎದ್ದು ನಿಂತು, ಒಂದು ಕೈ ಬೀಸಿ ಕೂಗಿದಳು.

“ಸರೀರಿ ಅಮ್ಮಾರ, ಸರೀರಿ, ಸರೀರಿ!”

ನಮ್ಮ ಮನೆಯಲ್ಲಿ ‘ರೀ’ ಎಂದರೆ ಗಂಡ. ಅವರ ಕಡೆ ‘ರೀ’ ಎನ್ನುವುದು ಎಲ್ಲ ಮಾತಿನ ಬಾಲ ಎಂದು ಅಷ್ಟು ಹೊತ್ತಿಗೆ ನನಗೆ ಅಭ್ಯಾಸವಾಗಿತ್ತು. ಆದ್ದರಿಂದ ಬಾಲ ಬಿಟ್ಟು ಉಳಿದದ್ದನ್ನು ಕೇಳಿಸಿಕೊಂಡೆ. ಸರಿ, ಸರಿ, ಸರಿ. ಎಲ್ಲ ಸರಿಯಾಯಿತು, ಆಟೋ ಹೊರಗೆ ಬಂತು, ಪಾಪ ಸಂತೋಷಕ್ಕೆ ಕೂಗುತ್ತಿದ್ದಾಳೆ ಎಂದುಕೊಂಡೆ. ನಾನೂ ನಕ್ಕು, ತಲೆ ಆಡಿಸಿ, ಅವಳಿಗೆ ಕೈ ಬೀಸಿದೆ. ಆಮೇಲೆ ನಮ್ಮವರ ಭುಜಕ್ಕೆ ಒಂದು ಏಟು ಕೊಟ್ಟೆ. ಅವರು ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಎಂಜಿನ್ ಆಫ್ ಮಾಡಿದರು. ಅವರು ಹೇಳಿದ ಕೆಲಸವನ್ನು ಯಾವಾಗಲೂ ಪೂರ್ತಿ ಮಾಡುತ್ತಾರೆ.

ಬೇರೆ ಗಾಡಿಯಾಗಿದ್ದರೆ ಆಟೋ ಬಂದು ಬಂಪರಿಗೆ ಡಿಕ್ಕಿ ಹೊಡೆದು ನಿಲ್ಲುತ್ತಿತ್ತು. ನಮ್ಮ ಬಂಪರ್ ಸಿದ್ದಾಪುರದ ಭಾಯಿಯ ದಯೆಯಿಂದ ಮೇಲೆಲ್ಲೋ ಇತ್ತು. ಆಟೋದ ಮೂಗು, ಕರು ಹಸುವಿನ ಕೆಳಗೆ ನುಗ್ಗುವ ಹಾಗೆ, ನಮ್ಮ ಗಾಡಿಯ ಕೆಳಗೆ ನುಗ್ಗಿತು. ಅದಕ್ಕೆ ಮುಂದಿನ ಗಾಜು ಮೊದಲೇ ಇರಲಿಲ್ಲ, ಆದ್ದರಿಂದ ಒಡೆಯಲಿಲ್ಲ. ಡ್ರೈವರ್ ಬಗ್ಗಿಕೊಂಡು ಪಾರಾದ. ಆದರೆ ಕುಲುಕಾಟಕ್ಕೆ ಆಟೋದ ಪಕ್ಕದ ತಂತಿ ಹರಿದು ಹಲಗೆ ಬಿತ್ತು. ನಿಂತಿದ್ದ ಕಲ್ಲು, ಬಸ್ಸಿನಿಂದ ಸ್ಟಾಪಿನಲ್ಲಿ ಇಳಿಯುವವರ ಹಾಗೆ, ನಿಂತ ಭಂಗಿಯಲ್ಲೇ ಕೆಳಗಿಳಿಯಿತು. ಇಳಿದು, ಸ್ವಲ್ಪ ಯೋಚಿಸಿ, ಇಳಿಜಾರಿನಲ್ಲಿ ಹೊರಟಿತು.

ಅದು ನನ್ನ ಕಿಟಕಿಯ ಪಕ್ಕದಲ್ಲೇ ಹಾದುಹೋಯಿತು. ಆತುರವೇನೂ ಇರಲಿಲ್ಲ, ಆಗ. ನನಗೆ ಆ ಕ್ಷಣಕ್ಕೆ ತೋಚಿದ್ದು ಒಂದೇ. ಕೈಯಲ್ಲಿದ್ದ ಕೆಂಪು ಸ್ಟೂಲನ್ನು ಅದರ ಮುಂದಕ್ಕೆ ಎಸೆದೆ. ಕಲ್ಲು ಸ್ಟೂಲಿನ ಮೇಲೆ ಹಾದು ಮುಂದಕ್ಕೆ ಹೋಯಿತು. ಸ್ಟೂಲು ಮುಂದಕ್ಕೆ ಹೋಗಲಿಲ್ಲ.

“ಏನದು ಸದ್ದು?” ಎಂದರು ನಮ್ಮವರು.

“ಕಲ್ಲು,” ಎಂದೆ.

“ಏನಾಯ್ತು ಅದಕ್ಕೆ?”

“ಹೋಗ್ತಾ ಇದೆ.”

“ಎಲ್ಲಿಗೆ?”

“ಅಂಗಡಿ ಕಡೆಗೇ.”

ಗಿರಣಿಯಾಕೆ ಆಟೋದಿಂದ ಹಾರಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಲ್ಲಿನ ಹಿಂದೆ ಓಡುತ್ತಿದ್ದಳು. ನಮ್ಮವರು ಇಳಿದು ಅವಳ ಹಿಂದೆ ಓಡಿದರು. ನಾನೂ ಇಳಿಯಬೇಕು ಎಂದು ಬಾಗಿಲು ತೆರೆದೆ. ಸ್ಟೂಲು ಇರಲಿಲ್ಲ. ಹಗ್ಗ ಮಾತ್ರ ಕೈಯಲ್ಲಿತ್ತು. ಹೀಗಾಗಿ ನಡೆದದ್ದನ್ನೆಲ್ಲ ನಾನು ಮೇಲಿನಿಂದ, ಬಾಲ್ಕನಿಯಲ್ಲಿ ಕೂತವಳ ಹಾಗೆ ನೋಡಬೇಕಾಯಿತು. ಕಲ್ಲು ವೇಗ ಹಿಡಿಯಿತು, ಫುಟ್‌ಪಾತಿನ ಅಂಚಿಗೆ ಬಡಿದು ಒಮ್ಮೆ ನೆಗೆಯಿತು, ಅಲ್ಲೇನೋ ಚೂರು ಸಿಡಿಯಿತು, ಕಟ್ಟುತ್ತಿದ್ದ ಒಂದು ಮನೆ ಮುಂದಿನ ಮರಳಿನ ಗುಡ್ಡೆಗೆ ನುಗ್ಗಿ ಅರ್ಧ ಹೂತು ನಿಂತಿತು. ನಮ್ಮವರಿಗೆ ಅರ್ಧ ದಾರಿಯಲ್ಲಿ ನನ್ನ ನೆನಪಾಗಿ, ವಾಪಸು ಬಂದು, ಅಕ್ಕಿ ಮೂಟೆ ಇಳಿಸುವ ಹಾಗೆ ನನ್ನನ್ನು ಇಳಿಸಿದರು.

ನಾವು ಹೋಗುವಷ್ಟರಲ್ಲಿ ಜನ ಸೇರಿದ್ದರು. ಭಾನುವಾರ, ಎಲ್ಲರೂ ಮನೆಯಲ್ಲಿದ್ದರು. ಗಿರಣಿಯಾಕೆ ಒಂದು ದೊಡ್ಡ ಸ್ಪ್ಯಾನರ್ ತರಲು ಆಟೋಗೆ ಹೋಗಿ ತಿರುಗಿ ಬಂದಿದ್ದಳು, ಜನರ ನಡುವೆ ನುಗ್ಗಲು ನೋಡುತ್ತಿದ್ದಳು.

“ಸರೀರಿ,” ಎಂದಳು. “ಸರೀರಿ, ಸರೀರಿ.”

ಅವಳ ಮುಂದೆ ನಿಂತಿದ್ದ ಇಸ್ತ್ರಿ ಅಂಗಡಿಯವರು ತಿರುಗಿ ನೋಡಿ, ಬಹಳ ಕನಿಕರದಿಂದ, “ಸರಿ ಮೇಡಂ, ಸರಿ,” ಎಂದು ಸಮಾಧಾನ ಹೇಳಿ ಅಲ್ಲೇ ನಿಂತರು. ಅವಳು ಮತ್ತೊಮ್ಮೆ ಸರೀರಿ ಎಂದಳು. ಅವರು ಮತ್ತೊಮ್ಮೆ ಸರಿ ಎಂದರು. ಮೂರನೆಯ ಸಲ ಅವಳು ಅವರ ಹೆಗಲು ಹಿಡಿದು, ಬೀರು ಜರುಗಿಸುವ ಹಾಗೆ ಪಕ್ಕಕ್ಕೆ ಜರುಗಿಸಿ ಒಳಗೆ ಹೋದಳು.

ಆಗ ನನಗೆ ಅರ್ಥವಾಯಿತು. ನಾವು ಜರುಗಿ ಎನ್ನುವುದಕ್ಕೆ ಅವರು ಸರೀರಿ ಎನ್ನುತ್ತಾರೆ. ಗಾಡಿ ಮುಂದಕ್ಕೆ ತೆಗೆಯಿರಿ, ದಾರಿ ಬಿಡಿ ಎಂದು ಅವಳು ಗಂಟಲು ಹರಿದುಕೊಂಡಿದ್ದಳು. ನಾನು ಅವಳಿಗೆ ಟಾಟಾ ಮಾಡಿದ್ದೆ.

ಅವಳು ಮರಳಿನಲ್ಲಿ ಮಂಡಿಯೂರಿ ಕೂತು ಸ್ಪ್ಯಾನರಿನಿಂದ ಕಲ್ಲನ್ನು ತಟ್ಟಿದಳು. ಸೀಳು ಬಿಟ್ಟ ಕಲ್ಲು ಮಂದ ಸದ್ದು ಕೊಡುತ್ತದೆ, ಗಟ್ಟಿ ಕಲ್ಲು ಗಂಟೆಯ ಹಾಗೆ ಸದ್ದು ಕೊಡುತ್ತದೆ ಎಂದು ಬೆಳಗ್ಗೆ ತಾನೇ ನನಗೆ ತೋರಿಸಿದ್ದಳು. ಈಗ ಬಂದದ್ದು ದಬ್ ಎಂಬ ಸದ್ದು. ಇನ್ನೊಂದು ಕಡೆ ತಟ್ಟಿದಳು. ದಬ್. ನಮ್ಮವರು ಬಲಗಿವಿ ಮುಂದೆ ಮಾಡಿಕೊಂಡು ಬಗ್ಗಿ, ಮರಳು ಒದ್ದೆ ಇದೆ, ಕಲ್ಲನ್ನು ತೊಳೆದು, ಎತ್ತಿ ಹಿಡಿದು ತಟ್ಟಿ ಎಂದರು. ಕಟ್ಟಡದ ಡ್ರಮ್ಮಿನ ನೀರು ಸುರಿದರು. ನಡುವಿನ ತೂತಿಗೆ ನಮ್ಮ ನಾರಿನ ಹಗ್ಗ ಹಾಕಿ ನಾಲ್ಕು ಜನ ಸ್ವಲ್ಪ ಎತ್ತಿ ಹಿಡಿದರು. ಅವಳು ತಟ್ಟಿದಳು.

ಣಂಯ್ ಎಂದಿತು. ನಮ್ಮವರಿಗೂ ಕೇಳಿಸಿತು.

ಅಂಚಿನಲ್ಲಿ ಮಾತ್ರ ಅರ್ಧ ಹೋಳಿಗೆಯಷ್ಟು ತುಂಡು ಹೋಗಿತ್ತು. ಅವಳು ಆ ಜಾಗದ ಮೇಲೆ ಬೆರಳಾಡಿಸುತ್ತ ಬಹಳ ಹೊತ್ತು ಕೂತಳು.

“ಸೀಳಿಲ್ರಿ,” ಎಂದಳು. “ಆದ್ರ ಹಿಟ್ಟು ಹೆಂಗ ಬರತೈತಿ ಅನ್ನೂದು ಬೀಸಿದ ಮ್ಯಾಲನ ಗೊತ್ತು. ತರಿ ಬಂತಂದ್ರ, ಮುಗೀತು.”

ನಮ್ಮವರು, ತಪ್ಪು ನನ್ನದೇ, ನನಗೆ ಎಡಗಿವಿ ಕೇಳುವುದಿಲ್ಲ, ಈ ಕಿವಿ ಇಟ್ಟುಕೊಂಡು ಇಂಥ ಕೆಲಸ ಒಪ್ಪಬಾರದಿತ್ತು ಎಂದು ಅವಳಿಗೆ ಹೇಳಿದರು. ಅವಳು ತಲೆ ಎತ್ತಿ ಅವರನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ನಾನು ಮರಳನ್ನು ನೋಡಿದೆ. ಸೇರಿದ್ದ ಜನ ಆಟೋವನ್ನು ನಮ್ಮ ಗಾಡಿಯ ಕೆಳಗಿನಿಂದ ಎಳೆದು, ಕಲ್ಲನ್ನು ಉರುಳಿಸಿಕೊಂಡು ಅಂಗಡಿಗೆ ಸೇರಿಸಿದರು. ಅಂಗಡಿಯವರೆಗೆ ಗಾಡಿಯಲ್ಲಿ ಹೋಗುವಾಗ ನಮ್ಮವರ ಮುಂದೆ ಎಲ್ಲ ಒಪ್ಪಿಕೊಂಡೆ. ಎಡಗಿವಿಯ ಪಕ್ಕ ಕೂತು, ಸಣ್ಣ ದನಿಯಲ್ಲಿ ಒಪ್ಪಿಕೊಂಡೆ. ಹೇಳಲಿಲ್ಲ ಎಂದು ಯಾರೂ ಅನ್ನುವ ಹಾಗಿಲ್ಲ.

ಗಿರಣಿ ಕೂರಿಸುವುದಕ್ಕೆ ನಮ್ಮವರು ಕೂತುಬಿಟ್ಟರು. ಪ್ರೆಸ್ಸಿನ ಜೊತೆ ಬಾಳಿದವರು, ಯಂತ್ರದ ಮಟ್ಟ ನೋಡುವುದು ಅವರಿಗೆ ಗೊತ್ತು. ಇಬ್ಬರೂ ಸೇರಿ ಕಲ್ಲು ಕೂರಿಸಿ, ಬೆಲ್ಟು ಏರಿಸಿ, ಮೂರು ಗಂಟೆಯ ಹೊತ್ತಿಗೆ ಸ್ವಿಚ್ ಒತ್ತಿದರು. ಮೊದಲು ಬೀಸಿದ ಹಿಟ್ಟಿನಲ್ಲಿ ಕಲ್ಲಿನ ಪುಡಿ ಇರುತ್ತದೆ, ಅದನ್ನು ಚೆಲ್ಲಿದರು. ಎರಡನೆಯದನ್ನು ಬೆರಳಲ್ಲಿ ತಿಕ್ಕಿ ನೋಡಿದರೂ ಅವಳಿಗೆ ಸಮಾಧಾನವಾಗಲಿಲ್ಲ, ಕೈಯೆಲ್ಲ ಗ್ರೀಸು. ರೊಟ್ಟಿ ಬಡಿದು ನೋಡಿದರೇ ಖಚಿತ, ಅಂಚು ಸೀಳಿದರೆ ಕಲ್ಲು ಕೆಟ್ಟ ಹಾಗೆ ಎಂದಳು. ಅಂಗಡಿಯ ಹಿಂದೆ ಸೀಮೆಎಣ್ಣೆ ಸ್ಟೌವು, ಹೆಂಚು ಮೊದಲೇ ತಂದಿಟ್ಟಿದ್ದಳು.

ಬೆಳಗಿನಿಂದ ಏನೂ ಒಳ್ಳೆಯದು ಮಾಡದೆ ಇದ್ದ ನಾನು, ನೀವಿಬ್ಬರೂ ಬೆಲ್ಟು ನೋಡಿಕೊಳ್ಳಿ, ರೊಟ್ಟಿ ನಾನು ಮಾಡುತ್ತೇನೆ ಎಂದು ಮುಂದೆ ಬಿದ್ದೆ. ನಲವತ್ತು ವರ್ಷ ಅಕ್ಕಿ ರೊಟ್ಟಿ ತಟ್ಟಿದ ಕೈ. ಹಿಟ್ಟಿಗೆ ಉಪ್ಪು ಹಾಕಿ, ನೀರು ಹಾಕಿ ಕಲಸಿ, ತಟ್ಟಿದೆ. ಅಂಚು ಸೀಳಿತು. ಹಿಟ್ಟು ಇನ್ನಷ್ಟು ನಾದಿ ಮತ್ತೊಂದು ತಟ್ಟಿದೆ. ಇಂಡಿಯಾ ನಕ್ಷೆಯ ಹಾಗೆ ಆಯಿತು. ಮೂರನೆಯದನ್ನು ಎತ್ತುವಾಗ ಅದು ನನ್ನ ಕೈಯಲ್ಲಿ ಎರಡಾಯಿತು.

ಗಿರಣಿಯಾಕೆ ಬಾಗಿಲಲ್ಲಿ ನಿಂತಿದ್ದಳು. ಯಾವಾಗ ಬಂದಳೋ. ತಟ್ಟೆಯಲ್ಲಿದ್ದ ಚೂರುಗಳನ್ನು ನೋಡುತ್ತಿದ್ದಳು. ಅವಳ ಮುಖ ಬೆಳಗ್ಗೆ ಮರಳಿನಲ್ಲಿ ದಬ್ ಎಂಬ ಸದ್ದು ಕೇಳಿದಾಗ ಇದ್ದ ಹಾಗೆಯೇ ಆಯಿತು. ನನಗೆ ತಡೆಯಲಾಗಲಿಲ್ಲ.

“ಅವರ ಕಿವಿ ತಪ್ಪಲ್ಲಮ್ಮ ಅದು,” ಎಂದೆ. “ನೀನು ಸರೀರಿ ಅಂದಿದ್ದನ್ನ ನಾನು ಎಲ್ಲ ಸರಿ ಅಂದ್ಕೊಂಡೆ. ನಿಲ್ಲಿಸಿ ಅಂತ ನಾನೇ ಹೊಡ್ದೆ.”

“ಗೊತ್ತೈತ್ರಿ,” ಎಂದಳು, ತಟ್ಟೆಯಿಂದ ಕಣ್ಣು ತೆಗೆಯದೆ. “ನಾ ಸರೀರಿ ಸರೀರಿ ಅಂತ ಹೊಯ್ಕೊಂಡ್ರ, ನೀವು ನಕ್ಕೋತ ಕೈ ಬೀಸಿದ್ರಿ.”

“ಯಾರು ಕೈ ಬೀಸಿದ್ದು?” ಎಂದು ಮುಂದಿನಿಂದ ನಮ್ಮವರ ದನಿ ಬಂತು. ಅವರು ಗಿರಣಿಯ ಕೆಳಗೆ ಮಲಗಿದ್ದರು, ಬಲಗಿವಿ ಮೇಲಿತ್ತು.

ಅವಳು ಬಗ್ಗಿ ಒಂದು ಚೂರು ಹಿಟ್ಟಿನ ಮುದ್ದೆ ಕಿತ್ತು, ಬೆರಳುಗಳ ನಡುವೆ ಒತ್ತಿ ನೋಡಿದಳು. ಇನ್ನೊಮ್ಮೆ ಒತ್ತಿದಳು.

“ನೀರು ಕುದ್ದಿತ್ತೇನ್ರಿ ಅಮ್ಮಾರ?”

“ಯಾವ ನೀರು?”

“ಹಿಟ್ಟಿಗೆ ಹಾಕಿದ್ದು.”

“ಕೊಡದಲ್ಲಿದ್ದ ನೀರು,” ಎಂದೆ.

ಅವಳು ಮೊದಲು ನನ್ನನ್ನು ನೋಡಿದಳು, ಆಮೇಲೆ ಮೂಲೆಯಲ್ಲಿದ್ದ ಕೊಡವನ್ನು ನೋಡಿದಳು. ಜೋಳದ ಹಿಟ್ಟಿಗೆ ಕುದಿಯುವ ನೀರು ಹಾಕಬೇಕು, ತಣ್ಣೀರಿಗೆ ಅದು ಅಂಟುವುದಿಲ್ಲ, ಅದು ಅವರ ಕಡೆ ಆರು ವರ್ಷದ ಮಗುವಿಗೂ ಗೊತ್ತು ಎಂದು ಆಮೇಲೆ ಹೇಳಿದಳು. ಆಗ ಹೋಗಿ ಸೋಪು ಹಾಕಿ ಮೊಣಕೈವರೆಗೆ ಕೈ ತೊಳೆದು ಬಂದಳು. ನೀರು ಕುದಿಯಲು ಇಟ್ಟಳು. ಅದು ಕುದಿಯುವವರೆಗೆ ನಾವಿಬ್ಬರೂ ಪಾತ್ರೆಯನ್ನೇ ನೋಡುತ್ತ ನಿಂತೆವು. ಅಷ್ಟು ನಿಧಾನವಾಗಿ ಕುದಿದ ನೀರನ್ನು ನಾನು ಕಂಡಿಲ್ಲ. ಅವಳು ಹೊಸ ಹಿಟ್ಟು ಹರಡಿ, ಬಿಸಿನೀರು ಸುರಿದು, ಬೆರಳು ಸುಡುವುದನ್ನೂ ಲೆಕ್ಕಿಸದೆ ನಾದಿ ಉಂಡೆ ಕಟ್ಟಿದಳು. ನಾನು ಹಲಗೆಯ ಮುಂದೆಯೇ ಅಡ್ಡ ನಿಂತಿದ್ದೆ.

“ಸರೀರಿ ಅಮ್ಮಾರ,” ಎಂದಳು.

ನಾನು ಸರಿದೆ.

ಅವಳು ಎರಡು ಕೈಯಿಂದ ಬಡಿಯತೊಡಗಿದಳು. ಪಟಪಟ ಸದ್ದಿಗೆ ರೊಟ್ಟಿ ತಾನೇ ತಿರುಗುತ್ತ ತಿರುಗುತ್ತ ಅಗಲವಾಯಿತು. ನಾನು ಅಂಚನ್ನೇ ನೋಡುತ್ತಿದ್ದೆ, ಅವಳೂ ಅಂಚನ್ನೇ ನೋಡುತ್ತಿದ್ದಳು. ನಮ್ಮವರು ಗ್ರೀಸು ಕೈಯಲ್ಲೇ ಬಾಗಿಲಿಗೆ ಬಂದು ನಿಂತರು. ಹೆಂಚಿನಷ್ಟು ಅಗಲವಾಗುವವರೆಗೂ ಅಂಚು ದುಂಡಗೇ ಇತ್ತು. ಒಂದೇ ಕೈಯಲ್ಲಿ ಎತ್ತಿ ಹೆಂಚಿಗೆ ಹಾಕಿದಳು, ಬಟ್ಟೆ ಅದ್ದಿ ಮೇಲೆ ನೀರು ಸವರಿದಳು, ಮಗುಚಿದಳು. ರೊಟ್ಟಿ ನಿಧಾನವಾಗಿ ಉಬ್ಬಿತು.

ಕಲ್ಲು ಕೆಟ್ಟಿರಲಿಲ್ಲ. ಕೆಟ್ಟದ್ದು ನನ್ನ ರೊಟ್ಟಿ. ಅಡುಗೆ ಬರುವುದಿಲ್ಲ ಎಂದು ಸಾಬೀತಾಗಿ ಅಷ್ಟು ಹಗುರವಾದದ್ದು ನನ್ನ ಜೀವಮಾನದಲ್ಲಿ ಅದೊಂದೇ ಸಲ.

ಅವಳು ಹೆಂಚಿನ ಮುಂದೆ ಹಾಗೇ ಕುಕ್ಕರಗಾಲಿನಲ್ಲಿ ಕೂತಳು. ಸೆರಗಿನಿಂದ ಮುಖ ಒರೆಸಿಕೊಂಡಳು, ಗಲ್ಲಕ್ಕೆ ಹಿಟ್ಟು ಮೆತ್ತಿತು. ನಾಳೆ ಮುಂಜಾನೆ ಮೂರೂ ಖಾನಾವಳಿಗೆ ಹಿಟ್ಟು ಹೋಗುತ್ತದೆ ಎಂದು ನಮ್ಮವರಿಗೆ ಹೇಳಿದಳು, ಅವರು ಕೇಳದೆ ಇದ್ದರೂ. ಮೊದಲ ರೊಟ್ಟಿಯನ್ನು ಮುರಿದು ಅರ್ಧ ಅವರಿಗೆ ಕೊಟ್ಟಳು, ಅರ್ಧ ನನಗೆ ಕೊಟ್ಟಳು. ನನ್ನ ಮೂರು ರೊಟ್ಟಿಗಳ ಚೂರನ್ನು ತಟ್ಟೆ ಸಮೇತ ಹಿತ್ತಲಲ್ಲಿದ್ದ ಹಸುವಿನ ಮುಂದೆ ಇಟ್ಟು ಬಂದಳು. ಹಸು ಮೂಸಿ ನೋಡಿ, ಯೋಚಿಸಿತು.

ನಾನು ರೊಟ್ಟಿ ತಿನ್ನುತ್ತ ಮತ್ತೆ ಹಲಗೆಯ ಪಕ್ಕಕ್ಕೇ ಬಂದು ನಿಂತಿದ್ದೆ. ಎರಡನೆಯ ಉಂಡೆ ಕೈಯಲ್ಲಿ ಹಿಡಿದು ಅವಳು ನನ್ನ ಕಡೆ ತಿರುಗಿದಳು. ಬಾಯಿ ತೆರೆಯುವ ಮೊದಲೇ ನಾನು ಸರಿದೆ, ನಮ್ಮವರ ತೋಳು ಹಿಡಿದು ಅವರನ್ನೂ ಸರಿಸಿದೆ.